ಬೇರು ಎಲ್ಲಿಗೆ ಹೋಗಿದೆ ನೋಡಿ



ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಿಗರ ಬಾಯಲ್ಲಿ ಅಣಬೆಯ ಮಾತು ಬಂದರೆ ಅದು ಹೆಚ್ಚಾಗಿ ರೋಗದ ಮಾತು. ಸಾಲಿನ ನಡುವೆ ಒಂದು ಅಡಿಕೆ ಮರದ ಸೋಗೆ ಹಳದಿಗೆ ತಿರುಗಿ ಜೋಲುತ್ತದೆ. ಎಳೆಗಾಯಿ ಉದುರುತ್ತದೆ. ಕಾಂಡದ ಬುಡದಲ್ಲಿ ಕಂದು ರಸ ಒಸರಿ ಒಣಗಿದ ಕಲೆ ಕಾಣುತ್ತದೆ. ಮಳೆ ಹಿಡಿದ ಮೇಲೆ ಅದೇ ಬುಡದಲ್ಲಿ ಅಂಗೈ ಅಗಲದ ಗಟ್ಟಿ ಅಣಬೆ ಮಗ್ಗುಲಿಗೆ ಚಾಚಿಕೊಂಡಿರುತ್ತದೆ. ಮೇಲ್ಮೈ ಕೆಂಗಂದು, ನಯವಾಗಿ ಹೊಳೆಯುತ್ತದೆ. ಬೆಳೆಯುವ ಅಂಚು ಬಿಳಿ. ಅಡಿಯಲ್ಲಿ ಸೂಜಿ ಚುಚ್ಚಿದಷ್ಟು ಸಣ್ಣ ತೂತುಗಳು. ವಿಜ್ಞಾನದವರು ಇದನ್ನು ಗ್ಯಾನೊಡರ್ಮ ಎನ್ನುತ್ತಾರೆ. ನಮಗೆ ಇದು ಅಣಬೆ ರೋಗ.

ಆ ಅಣಬೆಯನ್ನು ಕತ್ತಿಯಿಂದ ಕೆತ್ತಿ ಎಸೆದರೆ ರೋಗ ಹೋಗುವುದಿಲ್ಲ. ಅದು ಹೊರಗೆ ಕಾಣುವ ಹೊತ್ತಿಗೆ ಮರದ ಬೇರು ಕೊಳೆತು ಎಷ್ಟೋ ಕಾಲ ಆಗಿರುತ್ತದೆ. ನಾವು ಕಂಡದ್ದು ಹಣ್ಣು ಮಾತ್ರ. ಅಣಬೆಯ ನಿಜವಾದ ಶರೀರ ಕಣ್ಣಿಗೆ ಕಾಣದಷ್ಟು ತೆಳುವಾದ ಎಳೆಗಳ ಜಾಲ. ಅದು ಮಣ್ಣಿನೊಳಗೆ, ಬೇರಿನೊಳಗೆ, ಕಟ್ಟಿಗೆಯೊಳಗೆ ಹಬ್ಬಿಕೊಂಡು ತಿನ್ನುತ್ತಲೇ ಇರುತ್ತದೆ. ಹೀಗಾಗಿಯೇ ತೋಟಗಾರಿಕೆಯವರು ಸತ್ತ ಮರದ ಬೊಡ್ಡೆಯನ್ನು ಬೇರು ಸಮೇತ ಕಿತ್ತು ಸುಡಿ ಎನ್ನುತ್ತಾರೆ. ರೋಗ ತಗುಲಿದ ಮರದ ಸುತ್ತ 60 ಸೆಂಟಿಮೀಟರ್ ಆಳ, 30 ಸೆಂಟಿಮೀಟರ್ ಅಗಲದ ಅಗಳ ತೆಗೆದು ಬೇರಿನಿಂದ ಬೇರಿಗೆ ಹೋಗುವ ದಾರಿ ಕಡಿಯಿರಿ, ಬುಡಕ್ಕೆ ಬೇವಿನ ಹಿಂಡಿ ಕೊಡಿ, ನೀರು ನಿಲ್ಲಗೊಡಬೇಡಿ ಎನ್ನುತ್ತಾರೆ. ಗೊನೆಗೆ ಹೊಡೆಯುವ ಬೋರ್ಡೋ ದ್ರಾವಣ ಈ ಬೇರುಗಳಿಗೆ ತಲುಪುವುದಿಲ್ಲ.

ಬೋರ್ಡೋ ಎಂದೆನಲ್ಲ, ಅದು ಕೊಳೆರೋಗದ ಮದ್ದು. 1910ರಲ್ಲಿ ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಮೇಲೆ ವರದಿ ಬರೆದಾಗ ಅದನ್ನು ಹುಟ್ಟಿಸುವ ಫೈಟಾಫ್ತೊರ ಎಂಬ ಜೀವಿಯನ್ನು ಶಿಲೀಂಧ್ರಗಳ ಸಾಲಿಗೇ ಸೇರಿಸಿದ್ದರು. ಈಗ ಅದನ್ನು ಬೇರೆ ವಂಶಕ್ಕೆ ಸೇರಿಸಲಾಗಿದೆ. ಅದರ ಜೀವಕೋಶದ ಗೋಡೆ ಸೆಲ್ಯುಲೋಸಿನದು. ಅಣಬೆಯದು ಕೈಟಿನ್ನಿನದು, ಏಡಿಯ ಚಿಪ್ಪಿನಲ್ಲಿರುವ ವಸ್ತು. ಕೊಳೆರೋಗ ಮಳೆಹನಿಯ ಜೊತೆ ಗೊನೆಗೆ ಬರುತ್ತದೆ, ಅಣಬೆ ರೋಗ ಮಣ್ಣಿನೊಳಗಿನಿಂದ ಬೇರಿಗೆ ಬರುತ್ತದೆ. ಒಂದಕ್ಕೆ ಮರ ಹತ್ತಬೇಕು, ಇನ್ನೊಂದಕ್ಕೆ ನೆಲ ಅಗೆಯಬೇಕು.

ಈ ರೋಗದ ಮಾತನ್ನೇ ಮೊದಲಿಗೆ ಹೇಳಿದ್ದಕ್ಕೆ ಕಾರಣವಿದೆ. ಅಣಬೆಯನ್ನು ಗುರುತಿಸುವುದು ಹೇಗೆ ಎಂದು ಕೇಳುವವರು ಸಾಮಾನ್ಯವಾಗಿ ಬಣ್ಣ ಹೇಳುತ್ತಾರೆ, ಆಕಾರ ಹೇಳುತ್ತಾರೆ, ಮೊಬೈಲಿನಲ್ಲಿ ತೆಗೆದ ಚಿತ್ರ ತೋರಿಸುತ್ತಾರೆ. ಮೇಲಿನಿಂದ ತೆಗೆದ ಚಿತ್ರ: ದುಂಡಗಿನ ಬಿಳಿ ಟೊಪ್ಪಿಗೆ, ಸುತ್ತ ಒಂದಿಷ್ಟು ಹುಲ್ಲು. ಅದರಿಂದ ಯಾವ ತಜ್ಞನೂ ಏನನ್ನೂ ಹೇಳಲಾರ. ನಾನು ಕೇಳುವ ಮೊದಲ ಪ್ರಶ್ನೆ, ಅದು ಏನನ್ನು ತಿಂದು ಎದ್ದಿದೆ ಎಂಬುದು. ಬದುಕಿರುವ ಬೇರನ್ನೋ, ಸತ್ತ ದಿಮ್ಮಿಯನ್ನೋ, ಸಗಣಿಯನ್ನೋ, ಉದುರಿದ ಒಣ ಎಲೆಯ ದರಕನ್ನೋ, ಹುಲ್ಲಿನ ಬಣವೆಯ ಅಡಿಯನ್ನೋ, ಗೆದ್ದಲಿನ ಮನೆಯನ್ನೋ. ಅಣಬೆಯ ಅರ್ಧ ಗುರುತು ನೆಲದಲ್ಲಿರುತ್ತದೆ. ಕಿತ್ತು ಚೀಲಕ್ಕೆ ಹಾಕಿದೊಡನೆ ಆ ಅರ್ಧ ಬೆಟ್ಟದಲ್ಲೇ ಉಳಿದುಬಿಡುತ್ತದೆ.

ಶಿರಸಿಯ ಹುಲಗೋಳ, ಭೈರುಂಬೆ ಕಡೆಯ ತೋಟಗಳ ಮೇಲಿನ ಬೆಟ್ಟ ಹತ್ತಿದವರಿಗೆ ಹುತ್ತಗಳು ಹೊಸತೇನಲ್ಲ. ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನಬೆಟ್ಟ ಬಿಟ್ಟುಕೊಟ್ಟ ಬ್ರಿಟಿಷರ ಕಾಲದ ವ್ಯವಸ್ಥೆ ನಮ್ಮ ಜಿಲ್ಲೆಯದು. ಮತ್ತಿ, ಕಿಂದಳ, ನಂದಿ, ಹೊನ್ನೆ ಮರಗಳ ಬೆಟ್ಟ. ಬೇಸಿಗೆಯಲ್ಲಿ ದರಕು ಗುಡಿಸುತ್ತೇವೆ, ಮಳೆಗಾಲದ ಹೊತ್ತಿಗೆ ಹಸಿ ಸೊಪ್ಪು ಕಡಿಯುತ್ತೇವೆ, ಕೊಟ್ಟಿಗೆಗೆ ಹಾಸಿ ಗೊಬ್ಬರ ಮಾಡಿ ಅಡಿಕೆ ಬುಡಕ್ಕೆ ಹಾಕುತ್ತೇವೆ. ಅದೇ ಬೆಟ್ಟದಲ್ಲಿ, ಅದೇ ದರಕನ್ನು ಹೊತ್ತುಕೊಂಡು ಹೋಗಿ ನೆಲದೊಳಗೆ ತೋಟ ಮಾಡುವ ಇನ್ನೊಂದು ಸಂಸಾರ ಗೆದ್ದಲಿನದು.

ಅದು ಬೆಳೆಯುವ ಬೆಳೆ ಅಣಬೆ. ನಮ್ಮ ಕಡೆ ದೊಡ್ಡ ಹುತ್ತ ಕಟ್ಟುವ ಗೆದ್ದಲು ಓಡೊಂಟೊಟರ್ಮಿಸ್ ಎಂಬ ಕುಲದ್ದು. ಕೆಲಸಗಾರ ಗೆದ್ದಲು ಒಣ ಎಲೆ, ಕಡ್ಡಿ, ತೊಗಟೆ ತಿಂದು ಬರುತ್ತದೆ. ಅದರ ಜೊತೆಗೆ ಅಣಬೆಯ ಬೀಜಕವೂ ಹೊಟ್ಟೆಗೆ ಹೋಗಿರುತ್ತದೆ. ಹುತ್ತದೊಳಗಿನ ಕೋಣೆಯಲ್ಲಿ ತನ್ನ ಹಿಕ್ಕೆಯನ್ನೇ ಗುಳಿಗೆ ಗುಳಿಗೆಯಾಗಿ ಜೋಡಿಸಿ ತೂತು ತೂತಿನ ಒಂದು ಗಡ್ಡೆ ಕಟ್ಟುತ್ತದೆ. ಆ ಗಡ್ಡೆಯ ಮೇಲೆ ಅಣಬೆಯ ಎಳೆ ಹಬ್ಬುತ್ತದೆ. ಗೆದ್ದಲಿಗೆ ಸುಲಭವಾಗಿ ಜೀರ್ಣವಾಗದ ಕಟ್ಟಿಗೆಯ ಲಿಗ್ನಿನ್ನನ್ನು ಅಣಬೆ ಕರಗಿಸುತ್ತದೆ. ಎಳೆಯ ಮೇಲೆ ಸಾಸಿವೆಗಿಂತ ಚಿಕ್ಕ ಬಿಳಿ ಗುಂಡುಗಳು ಮೂಡುತ್ತವೆ; ಅವನ್ನು ಎಳೆಯ ಗೆದ್ದಲುಗಳು ತಿನ್ನುತ್ತವೆ. ಹಳೆಯದಾದ ಗಡ್ಡೆಯನ್ನು ಹಿರಿಯವು ತಿನ್ನುತ್ತವೆ. ಹೊಸ ದರಕು ಬರುತ್ತದೆ, ಹೊಸ ಗಡ್ಡೆ ಏಳುತ್ತದೆ. ಆಫ್ರಿಕದಲ್ಲಿ ಸುಮಾರು 3 ಕೋಟಿ ವರ್ಷಗಳ ಹಿಂದೆ ಶುರುವಾದ ಕೃಷಿ ಇದು. ತಾಂಜಾನಿಯದಲ್ಲಿ ಇಂಥ ಗಡ್ಡೆಯ ಪಳೆಯುಳಿಕೆಯೇ ಸಿಕ್ಕಿದೆ, ಅದಕ್ಕೆ 2.5 ಕೋಟಿ ವರ್ಷ.

ಈ ತೋಟಕ್ಕೆ ಕಳೆಯೂ ಇದೆ. ಸ್ಯೂಡೋಕ್ಸೈಲೇರಿಯ ಎಂಬ ಇನ್ನೊಂದು ಶಿಲೀಂಧ್ರ ಗಡ್ಡೆಯೊಳಗೆ ಹೊಂಚು ಹಾಕಿಕೊಂಡಿರುತ್ತದೆ. ಗೆದ್ದಲು ಕೈಬಿಟ್ಟ ಗಡ್ಡೆಯನ್ನು ಬೇಗ ಆಕ್ರಮಿಸಿಬಿಡುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆನೀ ಬೋರ್ಜಸ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಕೆಲಸ ನನಗೆ ಬಹಳ ಹಿಡಿಸಿತು. ಗೆದ್ದಲು ಬೆಳೆಯನ್ನೂ ಕಳೆಯನ್ನೂ ವಾಸನೆಯಿಂದ ಬೇರೆ ಮಾಡಿ ತಿಳಿಯುತ್ತದೆ, ಕಳೆಯನ್ನು ಆರಿಸಿ ಮಣ್ಣು ಮುಚ್ಚಿ ಹುಗಿಯುತ್ತದೆ ಎಂದು ಅವರು ತೋರಿಸಿದರು. ಕಣ್ಣಿಲ್ಲದ ಕೆಲಸಗಾರ ಹುಳು ಕತ್ತಲೆಯಲ್ಲಿ ಅಣಬೆಯಿಂದ ಅಣಬೆಯನ್ನು ಗುರುತಿಸುತ್ತದೆ ಎಂದ ಮೇಲೆ, ಹಗಲು ಬೆಳಕಿನಲ್ಲಿ ನಾವು ಇನ್ನಷ್ಟು ಶ್ರದ್ಧೆ ವಹಿಸಬಹುದು.

ಮಳೆ ಹಿಡಿದು ನೆಲ ಚೆನ್ನಾಗಿ ನೆನೆದ ಮೇಲೆ ಆ ಗಡ್ಡೆಯಿಂದಲೇ ಒಂದು ಮೊಳಕೆ ಮಣ್ಣನ್ನು ಸೀಳಿಕೊಂಡು ಮೇಲೇಳುತ್ತದೆ. ಅದೇ ಹುತ್ತದ ಅಣಬೆ. ಫ್ರಾನ್ಸಿನ ರೋಜೆ ಎಮ್ (Heim) 1942ರಲ್ಲಿ ಈ ಕುಲಕ್ಕೆ ಟರ್ಮಿಟೊಮೈಸಿಸ್ ಎಂದು ಹೆಸರಿಟ್ಟರು. ಮದ್ರಾಸ್ ವಿಶ್ವವಿದ್ಯಾಲಯದ ಕೆ. ನಟರಾಜನ್ 1979ರಲ್ಲಿ ದಕ್ಷಿಣ ಭಾರತದ ಒಂದು ಜಾತಿಯನ್ನು ವಿವರಿಸಿ ಎಮ್ ಅವರ ಹೆಸರನ್ನೇ ಅದಕ್ಕೆ ಕೊಟ್ಟರು: ಟರ್ಮಿಟೊಮೈಸಿಸ್ ಹೈಮಿ. ಬಿಳಿ ಟೊಪ್ಪಿಗೆ, ನಡುವೆ ಕಂದು ಬಣ್ಣದ ಗುಬುಟು, ದಂಟಿಗೆ ದಪ್ಪ ಬಳೆ. ಆಫ್ರಿಕದ ಜಾಂಬಿಯದಲ್ಲಿ ಇದೇ ಕುಲದ ಒಂದು ಅಣಬೆಯ ಟೊಪ್ಪಿಗೆ ಒಂದು ಮೀಟರ್ ಅಗಲದವರೆಗೂ ಬೆಳೆಯುತ್ತದೆ.

ನಾನು ಅಣಬೆ ತಿನ್ನದ ಮನೆಯಲ್ಲಿ ಹುಟ್ಟಿದವನು. ಮನುಸ್ಮೃತಿ ಬೆಳ್ಳುಳ್ಳಿ, ನೀರುಳ್ಳಿಯ ಸಾಲಿನಲ್ಲೇ ಅಣಬೆಯನ್ನೂ ಹೇಳಿ ಬೇಡವೆಂದಿದೆ. ನಮ್ಮ ಹಿರಿಯರು ಅದನ್ನು ಪಾಲಿಸಿದರು. ಅದರಿಂದಾಗಿ ಬೆಟ್ಟ ಬಳಸುವ ಹಕ್ಕು ನಮ್ಮದಾದರೂ ಬೆಟ್ಟದ ಅಣಬೆಯ ವಿದ್ಯೆ ನಮ್ಮದಾಗಲಿಲ್ಲ. ನಮಗೆ ಎಲ್ಲವೂ ನಾಯಿಕೊಡೆ. ಸೊಪ್ಪಿಗೆ, ದರಕಿಗೆ, ಕಟ್ಟಿಗೆಗೆ ಬೆಟ್ಟ ಹತ್ತುತ್ತಿದ್ದ ಹೆಂಗಸರಿಗೆ ಮಾತ್ರ ಒಂದೊಂದಕ್ಕೂ ಒಂದೊಂದು ಹೆಸರಿತ್ತು, ಒಂದೊಂದಕ್ಕೂ ಒಂದು ಮಳೆ ಇತ್ತು, ಒಂದು ಜಾಗ ಇತ್ತು. ನಾನು ಕಲಿತದ್ದು ಅವರಿಂದ.

ಅವರಲ್ಲಿ ಒಬ್ಬರು ಅಣಬೆ ಕೀಳುವ ರೀತಿ ಹೇಳುತ್ತೇನೆ. ಹುತ್ತದ ಹತ್ತಿರ ಅಣಬೆಗಳು ಎದ್ದಿವೆ. ಕೆಲವು ಇನ್ನೂ ಮೊನಚಾದ ಮೊಗ್ಗು, ಕೆಲವು ಬಿರಿದಿವೆ. ಅವರು ಟೊಪ್ಪಿಗೆಗೆ ಕೈ ಹಾಕುವುದಿಲ್ಲ. ಕುಕ್ಕರುಗಾಲಲ್ಲಿ ಕೂತು, ಒಂದು ಚೂಪಾದ ಕೋಲಿನಿಂದ ದಂಟಿನ ಪಕ್ಕದ ಮಣ್ಣು ಬಿಡಿಸುತ್ತಾರೆ. ದಂಟು ನೆಲದ ಮಟ್ಟದಲ್ಲಿ ತುಸು ಉಬ್ಬಿ, ಅಲ್ಲಿಂದ ಕೆಳಗೆ ಕಿರಿದಾಗುತ್ತಾ ಹೋಗುತ್ತದೆ. ಒಂದು ಗೇಣು ಬಿಡಿಸಿದರೂ ಮುಗಿಯುವುದಿಲ್ಲ. ಮಣ್ಣಿನೊಳಗಿನ ಭಾಗ ಕಂದು, ಗಟ್ಟಿ, ಬೆರಳಲ್ಲಿ ತಿರುಚಿದರೆ ನಾರು ನಾರಾಗುತ್ತದೆ. ಇನ್ನೂ ಕೆಳಗೆ ಹೋದರೆ ಹುರಿಯಷ್ಟು ಸಪೂರವಾಗಿ ಗೆದ್ದಲಿನ ಕೋಣೆಗೆ ಇಳಿಯುತ್ತದೆ. ಅಲ್ಲಿಗೆ ಅವರು ನಿಲ್ಲಿಸುತ್ತಾರೆ, ಕೋಣೆ ಒಡೆಯುವುದಿಲ್ಲ.

"ಬೇರ್ ಎಲ್ಲಿಗ್ ಹೋಗದೆ ನೋಡ್ರಿ ಹೆಗಡೇರೆ" ಎಂದಿದ್ದರು. "ಹುತ್ತಕ್ಕ್ ಹೋಗಿದ್ರೆ ನಮ್ದು. ಇಲ್ದಿದ್ರೆ ಅದು ಯಾರ್ದೋ."

"ಎಲ್ಲಾ ಕೀಳೋದಿಲ್ವೇನೆ ಅಕ್ಕ?" ಎಂದು ಕೇಳಿದೆ.

"ಬಿರ್ದದ್ ಬಿಡೂದು. ಅದು ಬೀಜಕ್ಕೆ."

ಆಗ ಸುಮ್ಮನೆ ಕೇಳಿಕೊಂಡ ಮಾತು. ಆಮೇಲೆ ಓದಿದಂತೆಲ್ಲ ಅದರಲ್ಲಿನ ಶಾಸ್ತ್ರ ತೆರೆದುಕೊಂಡಿತು. ನೆಲದೊಳಗಿನ ಆ ಉದ್ದನೆಯ ಭಾಗಕ್ಕೆ ಪುಸ್ತಕಗಳು ಹುಸಿಬೇರು ಎನ್ನುತ್ತವೆ. ಹುತ್ತದ ಅಣಬೆಯ ದೊಡ್ಡ ಜಾತಿಗಳ ಮುಖ್ಯ ಗುರುತು ಅದೇ. ಬಿರಿದ ಟೊಪ್ಪಿಗೆಯ ಅಡಿಯ ಪದರಗಳಿಂದ ಲೆಕ್ಕವಿಲ್ಲದಷ್ಟು ಬೀಜಕಗಳು ಗಾಳಿಗೆ ಹಾರುತ್ತವೆ. ಅವು ದರಕಿನ ಮೇಲೆ ಕೂತು, ಹೊಸ ಸಂಸಾರ ಹೂಡುವ ಗೆದ್ದಲಿನ ಹೊಟ್ಟೆ ಸೇರಿ, ಹೊಸ ಹುತ್ತದ ಬೆಳೆಯಾಗಬೇಕು. ಪೇಟೆಗೆ ಬರುವುದು ಹೆಚ್ಚಾಗಿ ಮೊಗ್ಗು, ಏಕೆಂದರೆ ಮೊಗ್ಗಿಗೆ ರುಚಿ ಹೆಚ್ಚು, ಬೆಲೆ ಹೆಚ್ಚು. ಎಲ್ಲ ಮೊಗ್ಗನ್ನೂ ಕಿತ್ತರೆ ಬೀಜಕ ಹಾರುವುದೇ ಇಲ್ಲ. ಪಕ್ಕದ ಗೋವೆಯಲ್ಲೂ ಜುಲೈ, ಆಗಸ್ಟ್ ತಿಂಗಳಲ್ಲಿ ರಸ್ತೆ ಬದಿಯಲ್ಲಿ ಇದೇ ಅಣಬೆಯನ್ನು ಎಲೆಯಲ್ಲಿ ಕಟ್ಟಿ ದುಬಾರಿ ಬೆಲೆಗೆ ಮಾರುತ್ತಾರೆ. ಗೋವಾ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಇದನ್ನೇ ಅಧ್ಯಯನ ಮಾಡಿದ ನಂದಕುಮಾರ ಕಾಮತ್ ಮಿತಿಯಿಲ್ಲದೆ ಕೀಳುವುದರ ವಿರುದ್ಧ ಎಚ್ಚರಿಸುತ್ತ ಬಂದಿದ್ದಾರೆ. ಇದನ್ನು ಮನುಷ್ಯರು ಲಾಭಕ್ಕೆ ಬೆಳೆಯುವ ದಾರಿ ಇನ್ನೂ ಸಿಕ್ಕಿಲ್ಲ. ಚಿಪ್ಪಣಬೆಯನ್ನು, ಹಾಲಣಬೆಯನ್ನು ಭತ್ತದ ಹುಲ್ಲಿನ ಮೇಲೆ ಮನೆಯ ಮೂಲೆಯಲ್ಲೇ ಬೆಳೆಯಬಹುದು. ಹುತ್ತದ ಅಣಬೆಗೆ ಗೆದ್ದಲೇ ಬೇಕು.

ಹುತ್ತದಿಂದ ಏಳುವುದರಲ್ಲಿ ಹುಸಿಬೇರಿಲ್ಲದ್ದೂ ಒಂದಿದೆ. ಬೆರಳಿನ ಉಗುರಷ್ಟು ಚಿಕ್ಕ ಬಿಳಿ ಟೊಪ್ಪಿಗೆಗಳು ಸಾವಿರಗಟ್ಟಲೆ ಒಟ್ಟಿಗೆ ಎದ್ದು ನೆಲವನ್ನೇ ಮುಚ್ಚುತ್ತವೆ. ಅಕ್ಕಿ ಅಣಬೆ ಎಂದೂ ನುಚ್ಚಣಬೆ ಎಂದೂ ಜನ ಕರೆಯುತ್ತಾರೆ. ಕೊಡಗಿನಲ್ಲಿ ನುಚ್ಚಿ ಕುಮ್ಮು. ಗೆದ್ದಲು ತನ್ನ ಗಡ್ಡೆಯ ಚೂರುಗಳನ್ನು ಹೊರಗೆ ತಂದು ನೆಲದ ಮೇಲೆ ಹರಡಿದಾಗ ಆ ಚೂರುಗಳ ಮೇಲೆ ಇದು ಹುಟ್ಟುತ್ತದೆ. ಇದನ್ನು ಮಣ್ಣು ಬಿಡಿಸಿ ತೊಳೆಯುವುದೇ ಅರ್ಧ ದಿನದ ಕೆಲಸ ಎಂದು ಹೆಂಗಸರು ಗೊಣಗುತ್ತಾರೆ, ಬಿಡುವುದೂ ಇಲ್ಲ.

ಘಟ್ಟ ಇಳಿದು ಉಡುಪಿ, ದಕ್ಷಿಣ ಕನ್ನಡಕ್ಕೆ ಹೋದರೆ ಲೆಕ್ಕವೇ ಬೇರೆ. ಅಲ್ಲಿ ಮುಂಗಾರಿನ ಮೊದಲ ಗುಡುಗಿಗೆ ಜನ ಕಾಯುವುದು ಕಲ್ಲಣಬೆಗೆ. ಅದು ಕೊಡೆ ಬಿಚ್ಚುವುದೇ ಇಲ್ಲ. ಅರ್ಧ ಮಣ್ಣಿನೊಳಗೆ ಹೂತ ಗೋಲಿ ಗಾತ್ರದ ಗಟ್ಟಿ ಉಂಡೆ, ಎಳೆಯದರ ಒಳಗೆ ಅಚ್ಚ ಬಿಳಿ. ಬಲಿತರೆ ಒಳಗೆ ಕಂದು ಪುಡಿ, ಹೊರಸಿಪ್ಪೆ ಸೀಳಿ ನಕ್ಷತ್ರದ ಆಕಾರಕ್ಕೆ ಬಿಚ್ಚಿಕೊಳ್ಳುತ್ತದೆ. ಒಣಗಿದರೆ ಮುಚ್ಚುತ್ತದೆ, ಒದ್ದೆಯಾದರೆ ಮತ್ತೆ ತೆರೆಯುತ್ತದೆ. ಮಂಗಳೂರು ವಿಶ್ವವಿದ್ಯಾಲಯದ ಕೆ. ಆರ್. ಶ್ರೀಧರ್ ಮತ್ತು ಅವರ ವಿದ್ಯಾರ್ಥಿಗಳು ಕರಾವಳಿ ಮತ್ತು ಪಶ್ಚಿಮ ಘಟ್ಟದ ಕಾಡಣಬೆಗಳ ಮೇಲೆ ವರ್ಷಗಟ್ಟಲೆ ಮಾಡಿದ ಕೆಲಸದಲ್ಲಿ ಹುತ್ತದ ಅಣಬೆಯ ಜೊತೆಗೆ ಈ ಕಲ್ಲಣಬೆಗೂ ದೊಡ್ಡ ಪಾಲಿದೆ. ಇದರ ಊಟ ಸತ್ತ ಎಲೆಯಲ್ಲ, ಗೆದ್ದಲಿನ ಗಡ್ಡೆಯೂ ಅಲ್ಲ. ಇದು ಬದುಕಿರುವ ಮರದ ಜೊತೆ ಕೊಡುಕೊಳ್ಳುವಿಕೆ ಇಟ್ಟುಕೊಂಡದ್ದು. ಬೋಗಿಯಂಥ ಮರಗಳ ಎಳೆ ಬೇರಿನ ತುದಿಯನ್ನು ಇದರ ಎಳೆಗಳು ಸುತ್ತಿಕೊಳ್ಳುತ್ತವೆ. ಮಣ್ಣಿನಿಂದ ರಂಜಕವನ್ನೂ ನೀರನ್ನೂ ಮರಕ್ಕೆ ಕೊಡುತ್ತವೆ, ಮರದಿಂದ ಸಕ್ಕರೆ ಪಡೆಯುತ್ತವೆ. ಮರ ಕಡಿದ ಜಾಗದಲ್ಲಿ ಇಂಥ ಅಣಬೆಯನ್ನು ಹುಡುಕಿ ಉಪಯೋಗವಿಲ್ಲ.

ಗುಡುಗಿನ ಮಾತು ಬಂತು. ಗುಡುಗಿದರೆ ಅಣಬೆ ಏಳುತ್ತದೆ ಎಂಬ ನಂಬಿಕೆ ನಮ್ಮಲ್ಲಿದ್ದಂತೆ ಜಪಾನಿನಲ್ಲೂ ಇದೆ. ಅಲ್ಲಿನ ಇವಾತೆ ವಿಶ್ವವಿದ್ಯಾಲಯದವರು ಅಣಬೆ ಬೆಳೆಯುವ ದಿಮ್ಮಿಗಳಿಗೆ ಕ್ಷಣಮಾತ್ರದ ಭಾರಿ ವಿದ್ಯುತ್ ಹಾಯಿಸಿ ನೋಡಿದಾಗ ಶಿಟಾಕೆ ಅಣಬೆಯ ಇಳುವರಿ ಹೆಚ್ಚಿತು. ಬೆಟ್ಟದಲ್ಲಿ ಹಾಗೆಯೇ ನಡೆಯುತ್ತದೆ ಎಂದು ಇದರಿಂದ ಸಿದ್ಧವಾಗುವುದಿಲ್ಲ. ಆದರೆ ಗುಡುಗಿನ ಮಾತನ್ನು ಬರಿಯ ಕಥೆ ಎಂದು ತಳ್ಳಿಹಾಕುವ ಧೈರ್ಯ ನನಗಂತೂ ಇಲ್ಲ.

ಇನ್ನು ವಿಷದ ವಿಚಾರ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ದಯವಿಟ್ಟು ಕೇಳಿಸಿಕೊಳ್ಳಿ.

ಬೆಳ್ಳುಳ್ಳಿ ಹಾಕಿ ಬೇಯಿಸಿದಾಗ ಕಪ್ಪಾದರೆ ವಿಷ, ಬೆಳ್ಳಿಯ ಚಮಚ ಕಂದಿದರೆ ವಿಷ, ಅರಿಶಿನ ಬಣ್ಣ ತಿರುಗಿದರೆ ವಿಷ, ಹುಳ ತಿಂದಿದ್ದರೆ ಒಳ್ಳೆಯದು, ಬಣ್ಣದ್ದು ಕೆಟ್ಟದ್ದು, ಬಿಳಿಯದು ಒಳ್ಳೆಯದು. ಈ ಪರೀಕ್ಷೆಗಳಲ್ಲಿ ಒಂದೂ ನಿಲ್ಲುವುದಿಲ್ಲ. ಪ್ರಪಂಚದ ಅತ್ಯಂತ ಮಾರಕ ಅಣಬೆಗಳು ಅಮಾನಿಟ ಎಂಬ ಕುಲದಲ್ಲಿವೆ, ಅವುಗಳಲ್ಲಿ ಕೆಲವು ಅಚ್ಚ ಬಿಳಿ. ಈ ಕುಲದ ಅಣಬೆಗಳು ಪಶ್ಚಿಮ ಘಟ್ಟದಲ್ಲೂ ಇವೆ. ಮಾರಕ ಅಮಾನಿಟಗಳ ವಿಷ ಬೇಯಿಸಿದರೂ ಹೋಗುವುದಿಲ್ಲ, ಒಣಗಿಸಿದರೂ ಹೋಗುವುದಿಲ್ಲ. ಅದರ ಕ್ರೂರತನ ಇರುವುದು ಅದು ತೆಗೆದುಕೊಳ್ಳುವ ಸಮಯದಲ್ಲಿ. ತಿಂದ ತಕ್ಷಣ ಏನೂ ಆಗುವುದಿಲ್ಲ. ಆರು ಗಂಟೆಯಿಂದ ಒಂದು ದಿನದೊಳಗೆ ವಾಂತಿ, ಭೇದಿ ಶುರುವಾಗುತ್ತದೆ. ಮಾರನೆಯ ದಿನ ಅದು ನಿಂತು ರೋಗಿ ಎದ್ದು ಕೂರುತ್ತಾನೆ, ಗಂಜಿ ಕುಡಿಯುತ್ತಾನೆ, ಮನೆಯವರು ಉಸಿರು ಬಿಡುತ್ತಾರೆ. ಆ ಹೊತ್ತಿಗೆ ಒಳಗೆ ಯಕೃತ್ತು ನಾಶವಾಗುತ್ತಿರುತ್ತದೆ. ಹಾಗಾಗಿ ಅಣಬೆ ತಿಂದು ತಡವಾಗಿ ವಾಂತಿ ಶುರುವಾದರೆ, ನಿಂತರೂ ಸರಿ, ಆಸ್ಪತ್ರೆಗೆ ಹೋಗಲೇಬೇಕು. ಬೇಯಿಸಿದ್ದು ಮಿಕ್ಕಿದ್ದರೆ, ಹೆಚ್ಚಿ ಎಸೆದ ತುಂಡು ತಿಪ್ಪೆಯಲ್ಲಿದ್ದರೆ ಅದನ್ನೂ ಜೊತೆಗೆ ಒಯ್ಯಬೇಕು. ಒಟ್ಟಿಗೆ ಉಂಡವರೆಲ್ಲ ಹೋಗಬೇಕು, ಏನೂ ಆಗಿಲ್ಲ ಎನ್ನುವವರೂ.

2022ರ ಏಪ್ರಿಲ್‌ನಲ್ಲಿ ಅಸ್ಸಾಮಿನಲ್ಲಿ ಕಾಡಣಬೆ ತಿಂದು ಕೆಲವೇ ದಿನಗಳಲ್ಲಿ 13 ಮಂದಿ ತೀರಿಕೊಂಡರು. ದಿಬ್ರುಗಢದ ಅಸ್ಸಾಂ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಅಂದು ಬಂದವರಲ್ಲಿ ಹೆಚ್ಚಿನವರು ಚಹಾತೋಟದ ಕೂಲಿ ಕುಟುಂಬದವರು. ಇನ್ನೊಂದು ಪ್ರಕರಣ ಆಸ್ಟ್ರೇಲಿಯದ ರಾಜಧಾನಿ ಕ್ಯಾನ್‌ಬೆರಾದ್ದು. 2011ರ ಕೊನೆಯ ರಾತ್ರಿ, ಹೊಸವರ್ಷದ ಊಟಕ್ಕೆ ಬೇಯಿಸಿದ ಅಣಬೆ ತಿಂದು ಇಬ್ಬರು ಸತ್ತರು. ಅದು ಯುರೋಪಿನ ಮಾರಕ ಅಮಾನಿಟ. ಯುರೋಪಿನ ಓಕ್ ಮರಗಳ ಬೇರಿನ ಜೊತೆ ಆಸ್ಟ್ರೇಲಿಯಕ್ಕೆ ಬಂದದ್ದು. ಏಷ್ಯಾದಿಂದ ಆಸ್ಟ್ರೇಲಿಯಕ್ಕೆ, ಅಮೆರಿಕಕ್ಕೆ ಹೋಗಿ ನೆಲೆಸಿದವರು ತಮ್ಮ ಊರಿನ ಹುಲ್ಲಣಬೆ ಇದೇ ಎಂದು ಭಾವಿಸಿ ಮೋಸಹೋದ ಸಂಗತಿ ಮತ್ತೆ ಮತ್ತೆ ದಾಖಲಾಗಿದೆ. ಎರಡರ ಎಳೆ ಮೊಗ್ಗೂ ಮೊಟ್ಟೆಯಾಕಾರ, ಎರಡಕ್ಕೂ ಬುಡದಲ್ಲಿ ಹರಿದ ಚೀಲ. ಅವರಿಗೆ ಅಣಬೆಯ ವಿದ್ಯೆ ಇರಲಿಲ್ಲ ಎಂದಲ್ಲ; ಇತ್ತು, ತಮ್ಮ ಊರಿನದು. ಅವರ ಊರಿನಲ್ಲಿ ಅದು ಭತ್ತದ ಹುಲ್ಲಿನ ಮೇಲೆ ಏಳುತ್ತಿತ್ತು. ಹೊಸ ಊರಿನಲ್ಲಿ ಓಕ್ ಮರದ ಬುಡದಲ್ಲಿ ಎದ್ದಿತ್ತು. ಆ ಒಂದು ವ್ಯತ್ಯಾಸ ನೋಡಿದ್ದರೆ ಸಾಕಿತ್ತು.

ನಮ್ಮ ಅಂಗಳದ ಹುಲ್ಲಿನಲ್ಲಿ ಏಳುವ ಇನ್ನೊಂದನ್ನು ಹೇಳಲೇಬೇಕು. ಮಳೆ ಬಿದ್ದ ಎರಡು ಮೂರು ದಿನಕ್ಕೆ ಶಾಲೆಯ ಬಯಲಿನಲ್ಲಿ, ದೇವಸ್ಥಾನದ ಮುಂದಿನ ಹುಲ್ಲಿನಲ್ಲಿ ಊಟದ ತಟ್ಟೆಯಷ್ಟು ಅಗಲದ ಬಿಳಿ ಅಣಬೆ, ಟೊಪ್ಪಿಗೆಯ ಮೇಲೆ ಕಂದು ಹುರುಪೆ, ದಂಟಿಗೆ ಬಳೆ. ನೋಡಲು ಬಹಳ ಚೆಂದ. ಕ್ಲೋರೊಫಿಲ್ಲಮ್ ಎಂಬ ಈ ಅಣಬೆ ತಿಂದರೆ ಒಂದೆರಡು ಗಂಟೆಯಲ್ಲೇ ವಿಪರೀತ ವಾಂತಿ, ಭೇದಿ. ಬಳೆ ಇದೆ, ಬಿಳಿ ಇದೆ ಎಂದು ಹುತ್ತದ ಅಣಬೆಯೆಂದೇ ತಿಳಿಯುವವರಿದ್ದಾರೆ. ಇದನ್ನು ಬೇರೆ ಮಾಡುವ ಉಪಾಯ ಮನೆಯಲ್ಲೇ ಇದೆ.

ಬಿರಿದ ಅಣಬೆಯ ದಂಟು ಕತ್ತರಿಸಿ ತೆಗೆಯಿರಿ. ಟೊಪ್ಪಿಗೆಯನ್ನು ಅಡಿಮುಖವಾಗಿ ಕಾಗದದ ಮೇಲಿಡಿ. ಕಾಗದ ಅರ್ಧ ಬಿಳಿ, ಅರ್ಧ ಕಪ್ಪು ಇದ್ದರೆ ಒಳ್ಳೆಯದು. ಮೇಲೊಂದು ಬಟ್ಟಲು ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಟೊಪ್ಪಿಗೆ ಎತ್ತಿದರೆ ಕಾಗದದ ಮೇಲೆ ನಡುವಿನಿಂದ ಅಂಚಿಗೆ ಹೋಗುವ ಸಣ್ಣ ಸಣ್ಣ ಗೆರೆಗಳ ಚಕ್ರ ಮೂಡಿರುತ್ತದೆ. ಬೆರಳಿಗೆ ಹತ್ತುವ ಪುಡಿ ಅದು, ಬೀಜಕ. ಹುತ್ತದ ಅಣಬೆಯ ಚಕ್ರ ನಸುಗೆಂಪು ಛಾಯೆಯ ಕೆನೆಬಣ್ಣ. ಅಮಾನಿಟದ್ದು ಬಿಳಿ, ಕಪ್ಪು ಅರ್ಧದಲ್ಲಿ ಮಾತ್ರ ಕಾಣಿಸುತ್ತದೆ. ಹುಲ್ಲಣಬೆಯದು ಕಂದು ಮಿಶ್ರಿತ ಗುಲಾಬಿ. ಅಂಗಳದ ಆ ಚೆಂದದ ಅಣಬೆಯದು ಮಾಸಲು ಹಸಿರು. ಹಾಗೆಯೇ ಉಂಡೆಯಾಕಾರದ ಯಾವುದೇ ಅಣಬೆ ಸಿಕ್ಕಿದರೂ ಮೇಲಿನಿಂದ ಕೆಳಕ್ಕೆ ನೇರ ಸೀಳಿ ನೋಡಬೇಕು. ಒಳಗೆ ಪುಟ್ಟ ಕೊಡೆಯ ಗೆರೆ, ಟೊಪ್ಪಿಗೆ ಮತ್ತು ದಂಟಿನ ನೆರಳು ಕಂಡರೆ ಅದು ಅಮಾನಿಟದ ಮೊಟ್ಟೆ ಇರಬಹುದು. ನೇರಳೆಗಪ್ಪು ತಿರುಳು ಕಂಡರೆ ಅದು ತಿನ್ನಬಾರದ ಇನ್ನೊಂದು ಉಂಡೆ.

ಈ ಗುರುತುಗಳು ಬೇಡವಾದದ್ದನ್ನು ತಳ್ಳಿಹಾಕಲು ಇರುವಂಥವು, ತಿನ್ನಲು ಅನುಮತಿ ಕೊಡುವಂಥವಲ್ಲ. ರೇಡಿಯೊದಲ್ಲಿ ನನ್ನ ಮಾತು ಕೇಳಿ ಯಾರೂ ಬೆಟ್ಟಕ್ಕೆ ಹೋಗಿ ಅಣಬೆ ತಂದು ಬೇಯಿಸಬೇಡಿ. ಆ ಬೆಟ್ಟದಲ್ಲೇ, ಆ ಅಣಬೆಯನ್ನೇ ವರ್ಷ ವರ್ಷ ಕಿತ್ತು ಉಂಡವರ ಜೊತೆ ಹಲವು ಮಳೆಗಾಲ ತಿರುಗಿದ ಮೇಲೆ ಆ ಒಂದು ಜಾತಿಯ ಮಟ್ಟಿಗೆ ಕೈ ಹಾಕಬಹುದು. ಮೊಬೈಲಿನ ಆ್ಯಪ್ ನಂಬಿ ಕೈ ಹಾಕುವುದು ಪ್ರಾಣದ ಜೂಜು.

ಆದರೆ ನೋಡುವುದಕ್ಕೆ ಯಾರ ಅಪ್ಪಣೆಯೂ ಬೇಡ. ತಿನ್ನುವ ಅಣಬೆ ಬೆರಳೆಣಿಕೆಯವು. ಬಾಕಿ ಕಾನು ಪೂರ್ತಿ ನೋಡುವ ಅಣಬೆಗಳು. ಸಿದ್ದಾಪುರದ ಕತ್ತಲೆಕಾನಿನಂಥ ನಿತ್ಯಹಸಿರು ಕಾಡಿನಲ್ಲಿ ಆರಿದ್ರಾ ಮಳೆ ಕಳೆದ ಮೇಲೆ ಬಿದ್ದ ದಿಮ್ಮಿಯೊಂದರ ಮುಂದೆ ಸುಮ್ಮನೆ ನಿಲ್ಲಿ. ತೊಗಟೆಯ ಮೇಲೆ ಕಂದು ಬಣ್ಣದ ಕಿವಿಯಣಬೆ, ಮುಟ್ಟಿದರೆ ತಣ್ಣಗೆ, ಮೆತ್ತಗೆ. ಅದರ ಪಕ್ಕದಲ್ಲಿ ಬೂದುಬಿಳಿಯ ಸಣ್ಣ ಬೀಸಣಿಗೆಗಳು. ತಿರುಗಿಸಿ ನೋಡಿದರೆ ಅಡಿಯ ಗೆರೆಗಳು ನಡುವೆ ಸೀಳಿಕೊಂಡಿರುತ್ತವೆ, ಒಣ ಹವೆಯಲ್ಲಿ ಸುರುಳಿ ಸುತ್ತಿ ಮಳೆಗೆ ಮತ್ತೆ ಬಿಚ್ಚುತ್ತವೆ. ಬಿದಿರು ಮೆಳೆಯ ಬುಡದಲ್ಲಿ ಬಿಳಿ ಜಾಲರಿ ಇಳಿಬಿಟ್ಟ ನಾರುವ ಅಣಬೆ. ಆ ದುರ್ವಾಸನೆಗೆ ನೊಣ ಬಂದು ಕೂರುತ್ತದೆ, ಕಾಲಿಗೆ ಬೀಜಕ ಮೆತ್ತಿಕೊಂಡು ಹೋಗುತ್ತದೆ. ಜಡಿಮಳೆಯ ರಾತ್ರಿಗಳಲ್ಲಿ ಒದ್ದೆ ಕಟ್ಟಿಗೆ ತುಂಡೊಂದು ಕತ್ತಲಲ್ಲಿ ಹಸಿರಾಗಿ ಬೆಳಗುವುದನ್ನು ಕಂಡು ಹೆದರಿದವರ ಕಥೆಗಳು ಮಲೆನಾಡಿನಲ್ಲಿ ಬೇಕಾದಷ್ಟಿವೆ. ಅದು ಕಟ್ಟಿಗೆಯೊಳಗೆ ಹಬ್ಬಿದ ಅಣಬೆಯ ಎಳೆಗಳ ಬೆಳಕು, ಉರಿಯಿಲ್ಲದ ರಾಸಾಯನಿಕ ಬೆಳಕು. ಇವೆಲ್ಲ ಇಲ್ಲದಿದ್ದರೆ ಬಿದ್ದ ಮರ ಬಿದ್ದಲ್ಲೇ ಇರುತ್ತಿತ್ತು. ಎಲೆಯ ಮೇಲೆ ಎಲೆ ಪೇರಿಸಿಕೊಂಡು ಕಾನು ತನ್ನ ಕಸದಲ್ಲೇ ಹೂತುಹೋಗುತ್ತಿತ್ತು.

ಬೆಟ್ಟ ಬದಲಾಗುತ್ತಿದೆ. ಸೊಪ್ಪಿನಬೆಟ್ಟದಲ್ಲಿ ನಾಡಮರ ಹೋಗಿ ಅಕೇಶಿಯಾ ನೆಟ್ಟ ಕಡೆ ಆ ನೆಲದ ಅಣಬೆಗಳೂ ಹಳೆಯವೇ ಆಗಿ ಉಳಿಯುವುದಿಲ್ಲ, ಏಕೆಂದರೆ ಎಷ್ಟೋ ಅಣಬೆಗಳ ನಂಟು ಮರದ ಜೊತೆ. ತೋಟ ವಿಸ್ತರಿಸುವಾಗ ಜೆಸಿಬಿ ಮೊದಲು ಸಮ ಮಾಡುವುದು ಹುತ್ತವನ್ನು. ಒಂದು ಹುತ್ತದ ಸಂಸಾರ ವರ್ಷಾನುಗಟ್ಟಲೆ ಬಾಳುತ್ತದೆ. ಅದು ಇರುವಷ್ಟು ಕಾಲ ಅಣಬೆ ಅದೇ ಜಾಗದಲ್ಲಿ ಏಳುತ್ತಿರುತ್ತದೆ. ಜಾಗ ಬಲ್ಲವರು ಅದನ್ನು ನೆರೆಯವರಿಗೂ ಹೇಳುವುದಿಲ್ಲ. ಆ ಗುಟ್ಟು ಹುತ್ತದ ಜೊತೆಗೇ ನೆಲಸಮವಾಗುತ್ತಿದೆ. ಅಣಬೆಗಾಗಿ ಅಲ್ಲದಿದ್ದರೂ ದರಕನ್ನು ಮಣ್ಣು ಮಾಡುವ ಕೆಲಸಕ್ಕಾಗಿಯಾದರೂ ಬೆಟ್ಟದ ಹುತ್ತವನ್ನು ಬಿಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದು ಊರಿನ ಜನರಿಂದಲೇ ತಿಳಿದು ಜೀವವೈವಿಧ್ಯದ ದಾಖಲೆ ಬರೆಯಬೇಕು. ಮರ, ಔಷಧ ಸಸ್ಯ, ಹಕ್ಕಿ, ಮೀನು ಎಂದು ಬರೆಯುವವರು ಅಣಬೆಗೂ ಕೆಲವು ಪುಟ ಬಿಡಲಿ. ಹುಲಗೋಳದಂಥ ಊರಿನಲ್ಲಿ ಈ ಕೆಲಸಕ್ಕೆ ಬೇಕಾದವರು ಇನ್ನೂ ಇದ್ದಾರೆ. ಬೆಟ್ಟಕ್ಕೆ ಹೋಗುವ ಹೆಂಗಸರನ್ನು ಕೂರಿಸಿಕೊಂಡು ಕೇಳಬೇಕು, ಸಾಧ್ಯವಾದರೆ ಅವರ ಜೊತೆಗೇ ಹೋಗಬೇಕು. ಅವರು ಹೇಳಿದ ಹೆಸರನ್ನು ಅವರ ಬಾಯಿಂದ ಬಂದ ಹಾಗೆಯೇ ಬರೆಯಬೇಕು, ತಿದ್ದಬಾರದು. ಯಾವ ಮಳೆಯಲ್ಲಿ ಎದ್ದಿತು: ಮೃಗಶಿರವೋ, ಆರಿದ್ರೆಯೋ, ಪುನರ್ವಸುವೋ, ಪುಷ್ಯವೋ. ಯಾವ ಮರದ ಬುಡ, ಅಥವಾ ಯಾವುದರ ಮೇಲೆ. ಬೇರು ಎಷ್ಟು ಆಳ, ಎಲ್ಲಿಗೆ ಹೋಗಿತ್ತು. ಸೀಳಿದಾಗ ಬಣ್ಣ ಬದಲಾಯಿತೇ. ಯಾರು ತಿನ್ನುತ್ತಾರೆ, ಯಾರು ತಿನ್ನುವುದಿಲ್ಲ. ಬೀಜಕದ ಚಕ್ರವನ್ನು ಕಾಗದದ ಮೇಲೆ ತೆಗೆದು ಅದೇ ಪುಟಕ್ಕೆ ಅಂಟಿಸಬೇಕು. ಅಣಬೆಯನ್ನು ಬೇರು ಸಮೇತ ಒಣಗಿಸಿ, ದಿನಾಂಕ ಮತ್ತು ಜಾಗ ಬರೆದ ಚೀಟಿಯೊಡನೆ ಕಾಗದದ ಲಕೋಟೆಯಲ್ಲಿಡಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟರೆ ಕೊಳೆತುಹೋಗುತ್ತದೆ. ಶಿರಸಿಯಲ್ಲಿ ಅರಣ್ಯ ಮಹಾವಿದ್ಯಾಲಯವಿದೆ. ಶಾಲೆಯ ಮಕ್ಕಳು ಇಂಥ ಲಕೋಟೆಗಳನ್ನು ತೆಗೆದುಕೊಂಡು ಅಲ್ಲಿನ ಅಧ್ಯಾಪಕರಲ್ಲಿ ಹೋಗಿ ಕೇಳಬಹುದು. ಹುತ್ತದ ನಿಖರವಾದ ಜಾಗವನ್ನು ಮಾತ್ರ ಹೇಳಿದವರ ಒಪ್ಪಿಗೆ ಇಲ್ಲದೆ ಬರೆಯಬಾರದು. ಅದು ಅವರ ಗುಟ್ಟು. ಬೆಟ್ಟದ ಹೆಸರಷ್ಟೇ ಬರೆದರೆ ಸಾಕು.